ಬಾಗಿಲು ಹಾಕಿಕೊಂಡ ದರ್ಜಿ

ನಮ್ಮ ನಿಮ್ಮ ಬೀದಿಯಲ್ಲಿ ಇರುವಂಥದ್ದೇ ಒಂದು ಹೊಲಿಗೆ ಅಂಗಡಿ. ಅದರ ಬಾಗಿಲು ಹಾಕಿ ವಾರಗಳಾಗಿದ್ದವು. ದರ್ಜಿ ಎಲ್ಲಿಗೂ ಹೋಗಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಹೊರಗೆ ಯಾರು ನಕ್ಕರೂ ತನ್ನನ್ನು ನೆನೆದೇ ನಕ್ಕರು ಅನ್ನಿಸಿ ಹೊದಿಕೆ ಎಳೆದುಕೊಳ್ಳುತ್ತಿದ್ದ.

ಎಂದೂ ತಲೆ ಎತ್ತಿ ಮಾತಾಡದ ಮನುಷ್ಯ ಅವನು. ಹೀಗೆ ಮಲಗುವುದಕ್ಕೆ ಮೊದಲು, ಇದ್ದಕ್ಕಿದ್ದಂತೆ ಅವನಿಗೆ ನಿದ್ದೆ ಬೇಡವಾಯಿತು, ಬಾಯಿಗೆ ಬಿಡುವಿಲ್ಲದಾಯಿತು. ಬೆಳಕು ಹರಿಯುವ ಮೊದಲೇ ಮನೆಮನೆಯ ಬಾಗಿಲು ಬಡಿದು ಓಡಲು ಕರೆಯುತ್ತಿದ್ದ. ಈ ಬೀದಿಯಿಂದಲೇ ಓಟಗಾರರ ತಂಡ ಕಟ್ಟಿ ಲೋಕವನ್ನೇ ಗೆಲ್ಲುತ್ತೇನೆ ಎನ್ನುತ್ತಿದ್ದ. ಕೂಡಿಟ್ಟಿದ್ದನ್ನೆಲ್ಲ ಸುರಿದು ಮೂಟೆಗಟ್ಟಲೆ ಬೂಟು ತಂದ. ಎಲ್ಲರ ಸೊಂಟದ ಅಳತೆ ಬಾಯಲ್ಲೇ ಇದ್ದವನು ಒಬ್ಬರ ಪಾದದ ಅಳತೆಯನ್ನೂ ಕೇಳಿರಲಿಲ್ಲ. ಬೀದಿಯವರು ಪುಕ್ಕಟೆ ಮನರಂಜನೆ ಎಂದು ಚಪ್ಪಾಳೆ ತಟ್ಟಿದರು.

ಪಕ್ಕದ ಬೀದಿಯ ಟೀಚರಮ್ಮ ಮಗಳ ಕೋಟು ಹೊಲಿಯಲೆಂದು ಒಳ್ಳೆಯ ಬಟ್ಟೆ ಕೊಟ್ಟಿದ್ದರು. ಒಂದು ಸಂಜೆ ಅದನ್ನೇ ಕತ್ತರಿಸಿ ತಂಡಕ್ಕೆ ಬಾವುಟ ಮಾಡತೊಡಗಿದ. ಹೆಂಡತಿ ಕೈ ಹಿಡಿದು ತಡೆದಳು.

“ನಿನ್ನ ಕಟ್ಟಿಕೊಂಡೇ ನಾನು ಹಾಳಾದೆ,” ಎಂದ, ಎಲ್ಲರ ಎದುರಿಗೆ.

ಅವಳು ಬಟ್ಟೆಯ ಚೂರುಗಳನ್ನು ಆರಿಸಿಕೊಂಡು ಒಳಗೆ ಹೋದಳು. ಆಮೇಲೆ ಆ ಆವೇಶ ಇಳಿಯಿತು. ಅವನಿಗೆ ಒಂದೊಂದೇ ನೆನಪಾಗಿ ಚುಚ್ಚತೊಡಗಿತು. ಅಂಗಡಿಯ ಬಾಗಿಲು ಹಾಕಿ ಮಲಗಿದ್ದು ಆಗಲೇ.

ಕೊಬ್ಬು ಹೆಚ್ಚಾಗಿತ್ತು, ಈಗ ಇಳಿದಿದೆ ಎಂದು ಅವನ ತಾಯಿ ವಾದಿಸುತ್ತಿದ್ದರು. ಹೊರಗೆ ಹೇಳಿದರೆ ಮಾನ ಹೋಗುತ್ತದೆ ಎಂಬ ಭಯ ಅವರಿಗೆ. ಹೆಂಡತಿ ಮಾತ್ರ ಬೀದಿಗೆ ಬರುವ ನರ್ಸಕ್ಕನನ್ನು ಮನೆಗೆ ಕರೆತಂದಳು. ನರ್ಸಕ್ಕ ಮೊದಲು ನಿದ್ದೆಯ ಬಗ್ಗೆ ಕೇಳಿದರು. ಆಮೇಲೆ ಅವನ ಪಕ್ಕದಲ್ಲಿ ಕೂತು, ಬದುಕು ಬೇಡ ಅನ್ನಿಸುತ್ತಿದೆಯೇ ಎಂದು ನೇರವಾಗಿಯೇ ಕೇಳಿದರು.

“ನಾನಿಲ್ದೆ ಹೋದ್ರೆ ಇವರಾದ್ರೂ ತಲೆ ಎತ್ಕೊಂಡು ಓಡಾಡ್ತಾರೆ,” ಎಂದ, ಗೋಡೆಯ ಕಡೆಗೇ.

ತಾಯಿಯ ವಾದ ಅಲ್ಲಿಗೆ ನಿಂತಿತು.

“ಹೀಗೆ ಏರೋದು, ಹೀಗೆ ಇಳಿಯೋದು, ಎರಡೂ ಮನಸ್ಸಿನ ಕಾಯಿಲೆ ಇರಬಹುದು ಅಮ್ಮಾ. ಡಾಕ್ಟ್ರು ನೋಡಿ ಹೇಳ್ಬೇಕು. ಔಷಧಿ ಇದೆ. ಈಗ್ಲೇ ಹೋಗೋಣ, ಇವರನ್ನ ಒಂಟಿಯಾಗಿ ಬಿಡ್ಬೇಡಿ,” ಎಂದರು ನರ್ಸಕ್ಕ.

ತಾಯಿಯೇ ಎದ್ದು ಅವನ ಅಂಗಿ ತಂದರು.

ಗುಣವಾಗಲು ಸಮಯ ಹಿಡಿಯಿತು. ಸ್ವಲ್ಪ ಹಗುರಾದಾಗ ಮಾತ್ರೆ ಬಿಟ್ಟುಬಿಡುತ್ತೇನೆ ಎಂದ. ಡಾಕ್ಟರು ಹೇಳುವವರೆಗೂ ಆ ಮಾತೇ ಎತ್ತಬೇಡ ಎಂದು ತಾಯಿ ನೀರಿನ ಲೋಟ ಹಿಡಿದು ಎದುರಿಗೆ ನಿಂತರು.

ಕಾಯಿಲೆ ಬಂದದ್ದು ಅವನ ತಪ್ಪಲ್ಲ, ಆದರೆ ನೊಂದವರ ಹತ್ತಿರ ಹೋಗಿ ಮಾತಾಡುವುದು ಅವನ ಕೈಯಲ್ಲಿದೆ ಎಂದಿದ್ದರು ನರ್ಸಕ್ಕ. ಅವನು ಟೀಚರಮ್ಮನ ಮನೆಗೆ ಹೋದ. ಬೇರೆ ಬಟ್ಟೆ ತಂದು ಹೊಲಿದುಕೊಡುತ್ತೇನೆ ಎಂದಷ್ಟೇ ಹೇಳಿದ. ಅವರು ನಗಲಿಲ್ಲ, ಬೈಯಲೂ ಇಲ್ಲ. ಮೊದಲು ಹುಷಾರಾಗು ಎಂದರು.

ಮನೆಯಲ್ಲಿ ಹೆಂಡತಿಯ ಎದುರು ನಿಲ್ಲುವುದು ಅದಕ್ಕಿಂತ ಕಷ್ಟವಾಯಿತು.

“ಅವತ್ತು ಎಲ್ಲರ ಎದುರು ಅಂದ ಮಾತು ಮರೆಯೋಕೆ ನಂಗೆ ಟೈಮ್ ಬೇಕು. ಆದ್ರೆ ಡಾಕ್ಟ್ರ ಹತ್ರ ಹೋಗುವಾಗ ನಾನೂ ಬರ್ತೀನಿ,” ಎಂದಳು ಅವಳು. ಅವನು ತಲೆ ತಗ್ಗಿಸಿಯೇ ಹೂಂ ಎಂದ.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರಾದರೂ ಇದ್ದಕ್ಕಿದ್ದಂತೆ ನಿದ್ದೆ ಬಿಟ್ಟು, ಕೈಗೆ ಸಿಕ್ಕಿದ್ದನ್ನೆಲ್ಲ ಖರ್ಚು ಮಾಡಿ, ಹಿಂದೆಂದೂ ಆಡದ ಮಾತು ಆಡುತ್ತಿದ್ದಾರೆಯೇ? ಚಪ್ಪಾಳೆ ತಟ್ಟಬೇಡಿ, ಕೊಬ್ಬು ಎಂದು ತಳ್ಳಿಹಾಕಲೂ ಬೇಡಿ. ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಸಾಯುವ ಮಾತು ಬಂದರಂತೂ ಒಂದು ಗಳಿಗೆಯೂ ತಡ ಮಾಡಬೇಡಿ. ನಾಲ್ಕು ಜನ ಏನೆಂದುಕೊಂಡಾರು ಎಂದು ನಾಚಿಕೆಯಾಗುತ್ತದೆ, ನಿಜ. ಆಗಲಿ ಬಿಡಿ. ಆ ನಾಚಿಕೆಯನ್ನೂ ಜೊತೆಯಲ್ಲೇ ಕರೆದುಕೊಂಡು ಹೋಗಿ.