ಬಾಲದಿಂದ ಕಚ್ಚುವ ಮೀನು

"ಲೇ ಕಪ್ಪೆ! ನೀರೊಳಗೆ ನಿದ್ದೆ ಹೊಡೀತಿದ್ಯೇನೋ ಬೋಳಿಮಗನೆ? ಜಡ್ಜ್ ಸಾಹೇಬ್ರು ಬರಿಗೈಲಿ ಎದ್ದು ಹೋದ್ರಲ್ಲೋ!"

ಧಣಿಗಳು ದಂಡೆಯ ಮೇಲೆ ನಿಂತು ಹೀಗೆ ಬೈಯುವಾಗ ನಾನು ಕುತ್ತಿಗೆಮಟ್ಟದ ನೀರಿನಲ್ಲಿ ನಿಂತು ಕೈ ಮುಗಿದಿದ್ದೆ. ಕುತ್ತಿಗೆಮಟ್ಟದ ನೀರಿನಲ್ಲಿ ಕೈ ಮುಗಿಯುವುದೂ ಒಂದು ವಿದ್ಯೆ. ಎದೆಯ ಹತ್ತಿರ ಮುಗಿದರೆ ಕೈ ನೀರೊಳಗೇ ಉಳಿಯುತ್ತದೆ, ಭಕ್ತಿ ಯಾರಿಗೂ ಕಾಣುವುದಿಲ್ಲ. ತಲೆಯ ಮೇಲೆ ಎತ್ತಿ ಮುಗಿಯಬೇಕು. ಆ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಯಾರೂ ಇಲ್ಲ.

ಜಡ್ಜ್ ಸಾಹೇಬರಿಗೆ ಮೀನು ಸಿಗದಿದ್ದಕ್ಕೆ ಕಾರಣ ನನಗೆ ಗೊತ್ತಿತ್ತು. ಅವರ ಗಾಳ ನೀರಿಗೆ ಬಿದ್ದೇ ಇರಲಿಲ್ಲ. ಮನುಷ್ಯರೆಲ್ಲ ಸಮಾನರು ಎಂದು ಕೈ ಬೀಸಿ ಬೀಸಿ ಹೇಳುವಾಗ ಅದು ಹೋಗಿ ಜೊಂಡಿಗೆ ಸಿಕ್ಕಿಕೊಂಡಿತ್ತು. ಇಷ್ಟನ್ನು ಹೇಳಿಬಿಟ್ಟರೆ ಮುಗಿಯುತ್ತಿತ್ತು. ನಾನು ಹೇಳಿದ್ದು, "ತಪ್ಪಾಯ್ತು ಬುದ್ಧಿ."

ನನ್ನ ಕೆಲಸ ಏನೆಂದು ಹೇಳಿದರೆ ನೀವು ನಗುತ್ತೀರಿ. ನಗಿ, ನನಗೇನೂ ಬೇಜಾರಿಲ್ಲ. ಧಣಿಗಳ ಕೆರೆಗೆ ಪಟ್ಟಣದಿಂದ ದೊಡ್ಡವರು ಗಾಳ ಹಾಕಲು ಬರುತ್ತಾರೆ. ಮೀನುಗಳಿಗೆ ಅವರು ದೊಡ್ಡವರು ಎಂಬುದು ತಿಳಿಯುವುದಿಲ್ಲ. ಆದ್ದರಿಂದ ನಾನು ಜೊಂಡಿನ ನಡುವೆ, ಬಾಯಿಗೆ ಒಂದು ಪ್ಲಾಸ್ಟಿಕ್ ಕೊಳವೆ ಕಚ್ಚಿಕೊಂಡು, ನೀರೊಳಗೆ ಕೂತಿರುತ್ತೇನೆ. ಮುಂಜಾನೆಯೇ ಬಲೆ ಹಾಕಿ ಹಿಡಿದ ಮೀನುಗಳು ಪಕ್ಕದಲ್ಲಿ ಬಲೆಚೀಲದೊಳಗೆ ಇರುತ್ತವೆ. ಗಾಳ ಇಳಿದರೆ ಒಂದನ್ನು ತೆಗೆದು ಸಿಕ್ಕಿಸಿ ದಾರ ಜಗ್ಗುತ್ತೇನೆ. ಮೇಲೆ ಚಪ್ಪಾಳೆ, ಫೋಟೋ. ನನಗೆ ಮೂಗು ಸೋರುತ್ತದೆ.

ಒಮ್ಮೆ ಕೈ ಮರಗಟ್ಟಿ ಗಾಳವನ್ನು ಮೀನಿನ ಬಾಯಿಗೆ ಸಿಕ್ಕಿಸುವ ಬದಲು ಬಾಲಕ್ಕೆ ಸಿಕ್ಕಿಸಿಬಿಟ್ಟೆ. ಮೀನು ತಲೆಕೆಳಗಾಗಿ ಮೇಲೆ ಬಂತು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಆದರೆ ಧಣಿಗಳು ಅತಿಥಿಗಳ ಮುಂದೆ ಗಂಟಲು ಸರಿಮಾಡಿಕೊಂಡು, "ಇದು ಬಾಲದಿಂದ ಕಚ್ಚೋ ಜಾತಿ, ಬಹಳ ಅಪರೂಪ" ಎಂದರು. ಅಷ್ಟಕ್ಕೆ ಬಿಡಲಿಲ್ಲ, ಪತ್ರಿಕೆಯಲ್ಲೂ ಬರೆದರು.

ಧಣಿಗಳು ಪತ್ರಿಕೆಗೆ ಬರೆಯುತ್ತಾರೆ. 'ದಂಡೆಯ ಮೇಲಿಂದ' ಅಂತ ವಾರವಾರವೂ ಬರುತ್ತದೆ. ಸಾಮಾಜಿಕ ನ್ಯಾಯ, ದೇಶದ ಸ್ಥಿತಿಗತಿ, ಗಾಳ ಹಾಕುವ ಸುಖ, ಮೂರನ್ನೂ ಒಂದೇ ಬುಟ್ಟಿಯಲ್ಲಿ ತುಂಬಿ ಕೊಡುತ್ತಾರೆ. ಅದನ್ನು ಕ್ಷೌರದಂಗಡಿಯಲ್ಲಿ ಕ್ಷೌರಿಕ ಗಟ್ಟಿಯಾಗಿ ಓದುತ್ತಾನೆ, ನಾನು ಅಭಿಪ್ರಾಯ ಕೊಡುತ್ತೇನೆ. ಅಲ್ಲಿ ನನಗೆ ಮಂತ್ರಿ ಎಂದು ಹೆಸರು. ಆ ಕುರ್ಚಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ನಾನು ಎಷ್ಟೋ ಸರ್ಕಾರಗಳನ್ನು ಉರುಳಿಸಿದ್ದೇನೆ, ಭೂಮಿಯನ್ನೆಲ್ಲ ಹಂಚಿಬಿಟ್ಟಿದ್ದೇನೆ.

ಕಳೆದ ವಾರ ಕ್ಷೌರಿಕ ಓದಿದ, "ಕೆರೆಯ ನೀರು, ಅದರೊಳಗಿನ ಜೀವ, ಎಲ್ಲರಿಗೂ ಸೇರಿದ್ದು."

"ಎಲ್ರಿಗೂ ಅಂದ್ರೆ ಯಾರ್ಯಾರಿಗಂತೆ? ಬರಲಿ, ಎದುರಿಗೇ ಕೇಳ್ತೀನಿ!" ನಾನು ಕುರ್ಚಿಯ ಕೈ ಗುದ್ದಿದೆ.

"ಅಲ್ಲಾಡ್ಬೇಡ ಮಂತ್ರಿ, ಮೂಗು ಹೋದೀತು," ಎಂದ ಕ್ಷೌರಿಕ. "ಉತ್ತರನ ಪೌರುಷ ಒಲೆ ಮುಂದೆ, ನಿನ್ನದು ನನ್ನ ಕನ್ನಡಿ ಮುಂದೆ."

ಆ ಮಾತು ಸುಳ್ಳಾಗಲೆಂದು ನಾನು ಬಹಳ ಆಸೆಪಟ್ಟೆ. ಮರುದಿನವೇ ಅದು ನಿಜವಾಯಿತು.

ನನ್ನ ಹೆಂಡತಿ ದಂಡೆಯ ಮೇಲಿನ ಅತಿಥಿಮನೆಯಲ್ಲಿ ಪಾತ್ರೆ ತೊಳೆಯುತ್ತಾಳೆ. ಫೋಟೋ ಆದ ಮೇಲೆ ಮೀನುಗಳನ್ನು ಧಣಿಗಳ ನಾಯಿಯ ಮುಂದೆ ಎಸೆಯುತ್ತಾರೆ. ನನ್ನ ಅವ್ವ ಜ್ವರ ಬಂದು ಮಲಗಿದ್ದಳು, ಏನೂ ಸೇರದ ನಾಲಿಗೆಗೆ ಒಂದು ತುಂಡು ಮೀನು ಬೇಕು ಎಂದಿದ್ದಳು. ನಾಯಿ ತಿಂದು ಸಾಕಾಗಿ ಬಿಟ್ಟ ಒಂದು ಮೀನನ್ನು ನನ್ನ ಹೆಂಡತಿ ಸೆರಗಿಗೆ ಹಾಕಿಕೊಂಡಳು. ಅದನ್ನು ಧಣಿಗಳು ಕಂಡರು.

ನಾನು ಆಗ ನೀರಿನ ಕೆಳಗೆ ಯಾವನೋ ಅಧಿಕಾರಿಗೆ ಮೀನು ಸಿಕ್ಕಿಸುತ್ತಿದ್ದೆ. ಅತಿಥಿಗಳು ಹೋದ ಮೇಲೆ ಎದ್ದು ನೋಡಿದರೆ ಅವಳು ಅತಿಥಿಮನೆಯ ಹಿಂದೆ ನಿಂತಿದ್ದಳು. ಕುತ್ತಿಗೆಗೆ ಧಣಿಗಳು ಕಟ್ಟಿಸಿದ ದಾರ, ದಾರದಲ್ಲಿ ಅದೇ ಮೀನು. ನೊಣಗಳು ಮುಖದ ಸುತ್ತ ಹಾರುತ್ತಿದ್ದವು. ಓಡಿಸಲು ಕೈ ಎತ್ತಬಾರದೆಂದು ಅಪ್ಪಣೆಯಾಗಿತ್ತು.

"ನಾಯಿ ಬಾಯಿಗೆ ಕೈ ಹಾಕಿದ್ದಾಳೆ ಹಾದರಗಿತ್ತಿ," ಎಂದರು ಧಣಿಗಳು. "ಏನ್ ಮಾಡ್ಲಿ ಹೇಳು ಕಪ್ಪೆ. ನೀನೇ ಹೇಳು."

ಅಭಿಪ್ರಾಯ ಕೇಳುತ್ತಿದ್ದಾರೆ! ಜೀವನದಲ್ಲಿ ಮೊದಲ ಸಲ ಧಣಿಗಳು ನನ್ನ ಅಭಿಪ್ರಾಯ ಕೇಳುತ್ತಿದ್ದಾರೆ. ಮಂತ್ರಿ ಎಲ್ಲಿ ಹೋದನೋ. ಕಪ್ಪೆ ತಲೆಯ ಮೇಲೆ ಕೈ ಎತ್ತಿ ಮುಗಿಯಿತು. ನೆಲದ ಮೇಲೆ ಅಷ್ಟು ಎತ್ತರಕ್ಕೆ ಎತ್ತುವ ಅಗತ್ಯವೇ ಇರಲಿಲ್ಲ, ಅಭ್ಯಾಸಬಲ.

"ತಪ್ಪಾಯ್ತು ಬುದ್ಧಿ."

"ಭಾನುವಾರ ಸಂಪಾದಕ್ರು ಬರ್ತಾರೆ, ಫೋಟೋದವನನ್ನೂ ಕರ್ಕೊಂಡು. ಅವರ ಗಾಳಕ್ಕೆ ದೊಡ್ಡ ಮೀನು ಬೀಳ್ಬೇಕು. ಬಿದ್ಮೇಲೆ ಇವಳು ನನ್ನ ನಾಯಿ ಮುಂದೆ ಕೂತು, ಕೈ ಮುಗಿದು, ತಪ್ಪಾಯ್ತು ಅನ್ಬೇಕು. ಎರಡೂ ಆದ್ರೆ ಮನೇಲಿರಿ. ಇಲ್ಲಾಂದ್ರೆ ಸಂಜೆಗೆ ನಿಮ್ಮ ಪಾತ್ರೆ ಪಗಡ ಬೀದೀಲಿ, ಮುದುಕೀನೂ ಬೀದೀಲಿ."

"ಆಗ್ಲಿ ಬುದ್ಧಿ."

ಮನೆ ಎಂದರೆ ಧಣಿಗಳ ಪಂಪಿನ ಕೋಣೆಗೆ ಅಂಟಿಕೊಂಡ ಒಂದು ಗೂಡು. ಪಂಪು ಓಡಿದರೆ ಗೋಡೆ ನಡುಗುತ್ತದೆ. ಆದರೂ ಅವ್ವ ಮಲಗಿದ್ದಾಗ ಮೇಲೊಂದು ಸೂರು ಇತ್ತು. ಹೆಂಡತಿ ಬಾಗಿಲಲ್ಲಿ ಕೂತು ಕುತ್ತಿಗೆಯನ್ನು ಬೂದಿ ಹಾಕಿ ತಿಕ್ಕಿದಳು. ನೀರು ಹಾಕಿದಳು, ಮತ್ತೆ ತಿಕ್ಕಿದಳು. ಚರ್ಮ ಕೆಂಪಾದರೂ ನಿಲ್ಲಿಸಲಿಲ್ಲ.

"ಸಾಕು ಬಿಡೇ," ಎಂದೆ.

"ಬಾಯಿದೆಯಲ್ಲ ನಿಂಗೆ! ನಾನೆಲ್ಲೋ ಕ್ಷೌರದಂಗಡೀಲೇ ಬಿಟ್ಟು ಬಂದಿದ್ದೀಯ ಅನ್ಕೊಂಡೆ."

"ಸಮಯ ನೋಡಿ ಮಾತಾಡ್ಬೇಕು ಕಣೇ. ಸಾಮಾಜಿಕ ನ್ಯಾಯ ಅನ್ನೋದು ಅಷ್ಟು ಸುಲಭ..."

"ಥೂ, ನಿನ್ನ ನ್ಯಾಯಕ್ಕೆ ಬೆಂಕಿ ಹಾಕ. ನಾನು ನಾಯಿಗೆ ಕೈ ಮುಗಿಯಲ್ಲ. ಬೀದೀಲಿ ಬೇಕಾದ್ರೆ ಸಾಯ್ತೀನಿ."

ಒಳಗೆ ಅವ್ವ ಕೆಮ್ಮಿದಳು. ಹೆಂಡತಿ ತಿಕ್ಕುವುದನ್ನು ನಿಲ್ಲಿಸಿ, ಎದ್ದು ಒಳಗೆ ಹೋಗಿ ಹೊದಿಕೆ ಸರಿಮಾಡಿದಳು.

ಭಾನುವಾರ ಕೆರೆಯ ಅತಿ ದೊಡ್ಡ ಮೀನನ್ನು ಹಿಡಿದು ಬಲೆಚೀಲಕ್ಕೆ ಹಾಕಿಕೊಂಡು ನಾನು ಜೊಂಡಿನಲ್ಲಿ ಕೂತಿದ್ದೆ. ಒಂದು ಭಾಷಣವನ್ನೂ ತಯಾರು ಮಾಡಿಕೊಂಡಿದ್ದೆ. ಅದನ್ನು ಮೀನಿಗೆ ಒಪ್ಪಿಸಿದೆ. ಮೀನು ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ, ನನ್ನ ಹಾಗೆಯೇ ಸುಮ್ಮನಿತ್ತು.

ಸಂಪಾದಕರು ಕುರ್ಚಿಯಲ್ಲಿ ಕೂತು ಗಾಳ ಬಿಟ್ಟರು. ಫೋಟೋದವನು ಕ್ಯಾಮೆರಾ ಹಿಡಿದು ಸಿದ್ಧನಾದ. ಧಣಿಗಳು ದುಡಿಯುವವನ ಘನತೆಯ ಬಗ್ಗೆ ಏನೋ ಹೇಳುತ್ತಿದ್ದರು. ಜೊಂಡಿನ ಮರೆಯಲ್ಲಿ ಕಣ್ಣು ಮಾತ್ರ ಮೇಲೆತ್ತಿ ನೋಡಿದೆ.

ಜೊಂಡಿನಿಂದ ಕಾಣುವ ಅತಿಥಿಮನೆಯ ಹಿಂಬದಿಗೆ ಅವಳು ಬಂದಿದ್ದಳು.

ಬರುವುದಿಲ್ಲ ಎಂದುಕೊಂಡಿದ್ದೆ. ಅವ್ವನಿಗಾಗಿ ಬಂದಿದ್ದಳು. ಕಟ್ಟಿದ ನಾಯಿಯ ಮುಂದೆ ಮೊಣಕಾಲೂರಿ, ಮೀನು ಬೀಳುವುದನ್ನೇ ಕಾಯುತ್ತ ಕೂತಿದ್ದಳು. ಕುತ್ತಿಗೆಯಲ್ಲಿ ಕೆಂಪು ಗೀರು ಹಾಗೇ ಇತ್ತು. ನಾಯಿ ಬಾಲ ಅಲ್ಲಾಡಿಸುತ್ತಿತ್ತು. ಅದಕ್ಕೆ ಅವಳ ಮೇಲೆ ಯಾವ ಸಿಟ್ಟೂ ಇರಲಿಲ್ಲ. ಅವಳು ಎರಡು ಕೈಗಳನ್ನೂ ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದಳು, ಕೈಗಳು ಬೇರೆ ಯಾರದೋ ಎಂಬಂತೆ. ನನಗೆ ಅಳು ಬಂತು. ನೀರಿನಲ್ಲಿ ಅಳುವುದರಲ್ಲಿ ಒಂದು ಅನುಕೂಲವಿದೆ, ಒರೆಸಿಕೊಳ್ಳುವ ಕೆಲಸವಿಲ್ಲ.

ಗಾಳ ನನ್ನ ಮುಂದೆ ಇಳಿಯಿತು. ಕೆಳಗೆ ಮುಳುಗಿದೆ. ಬಲೆಚೀಲದ ಬಾಯಿ ಬಿಚ್ಚಿದೆ. ದೊಡ್ಡ ಮೀನು ಒಂದು ಕ್ಷಣ ಅನುಮಾನಿಸಿ, ಆಮೇಲೆ ಹೊರಟೇಹೋಯಿತು. ನಮ್ಮ ಮನೆಯೂ ಅದರ ಹಿಂದೆಯೇ ಹೋಯಿತು.

ಗಾಳವನ್ನು ನನ್ನ ಅಂಗಿಯ ಕಾಲರಿಗೆ ಸಿಕ್ಕಿಸಿಕೊಂಡು, ಎದೆ ಸೆಟೆಸಿಕೊಂಡು ಮೇಲೇಳಬೇಕೆಂಬುದು ನನ್ನ ಲೆಕ್ಕ. ಆದರೆ ನೀರಿನಲ್ಲಿ ಕೈ ಮರಗಟ್ಟಿತ್ತು. ಗಾಳ ಜಾರಿ ಹಿಂದೆ ಹೋಗಿ ಚಡ್ಡಿಗೆ ಕಚ್ಚಿಕೊಂಡಿತು. ಬಿಡಿಸಿಕೊಳ್ಳುವುದರೊಳಗೆ ಸಂಪಾದಕರು ಎಳೆದೇಬಿಟ್ಟರು.

"ದೊಡ್ಡದು! ದೊಡ್ಡದು ಕಣ್ರೀ!"

ಹೀಗೆ ನನ್ನ ಹೋರಾಟ ಹಿಂಭಾಗ ಮುಂದಾಗಿ ಆರಂಭವಾಯಿತು. ಮೊದಲು ಚಡ್ಡಿ ಮೇಲೆ ಬಂತು, ಆಮೇಲೆ ಬೆನ್ನು, ಕೊನೆಗೆ ಕೊಳವೆ ಕಚ್ಚಿಕೊಂಡ ಮುಖ. ಕಾಲೂರಿ ನಿಂತೆ. ಸೊಂಟದವರೆಗೆ ನೀರು. ಫೋಟೋದವನು ಅಭ್ಯಾಸಬಲದಿಂದ ಕ್ಲಿಕ್ಕಿಸಿದ.

ಸಂಪಾದಕರ ಕೈಯಲ್ಲಿ ಗಾಳದ ಕೋಲು ಹಾಗೇ ಬಾಗಿತ್ತು. ಅವರು ನನ್ನನ್ನು ನೋಡಿದರು, ನನ್ನ ಕೈಯಲ್ಲಿದ್ದ ಖಾಲಿ ಬಲೆಚೀಲ ನೋಡಿದರು, ಧಣಿಗಳನ್ನು ನೋಡಿದರು.

ನಾನು ಕೊಳವೆ ಉಗಿದು ಬಾಯಿ ತೆರೆದೆ. ತಯಾರು ಮಾಡಿದ್ದ ಭಾಷಣದ ಬದಲು ಕೆಮ್ಮು ಬಂತು, ಒಂದು ಬೊಗಸೆ ನೀರೂ ಬಂತು.

"ಮುಳುಗೋ," ಎಂದರು ಧಣಿಗಳು ಹಲ್ಲು ಕಚ್ಚಿ, ಅತಿಥಿಗಳಿಗೆ ಕೇಳಬಾರದೆಂದು ಮೆಲ್ಲಗೆ. ನಾನು ನಿಂತೇ ಇದ್ದೆ. ಆಗ ಅವರಿಗೆ ಸಂಪಾದಕರೂ ಮರೆತುಹೋದರು, ದುಡಿಯುವವನ ಘನತೆಯೂ ಮರೆತುಹೋಯಿತು. "ಮುಳುಗೋ ಸೂಳೆಮಗನೆ! ಮುಳುಗು ಅಂದೆ!"

ಕೂಗಿಗೆ ನಾಯಿ ಬೊಗಳಿತು. ಅತಿಥಿಮನೆಯ ಹಿಂದೆ ನನ್ನ ಹೆಂಡತಿ ಎದ್ದು ನಿಂತು ಮೊಣಕಾಲಿನ ಮಣ್ಣು ಕೊಡವಿಕೊಂಡಳು. ನನ್ನ ಚಡ್ಡಿಯ ಕಡೆಯಿಂದ ಮೇಲೆದ್ದ ಗಾಳದ ದಾರ ಕಂಡು ಸೆರಗು ಬಾಯಿಗೆ ಒತ್ತಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಆ ಸೆರಗಿನ ಮರೆಯಲ್ಲಿ ತಿಳಿಯಲಿಲ್ಲ. ಆಮೇಲೆ ಪಂಪಿನ ಕೋಣೆಯ ಕಡೆಗೆ ನಡೆದಳು, ಅವ್ವನನ್ನು ಎಬ್ಬಿಸಲು.

ತಲೆಯ ಮೇಲೆ ಹೋಗಲು ನನ್ನ ಕೈಗಳು ತಾವಾಗಿಯೇ ಎದ್ದವು. ಅವನ್ನು ಎಳೆದು ನೀರೊಳಗೆ ಇಳಿಸಿದೆ.

ನಾನು ಮುಳುಗಲಿಲ್ಲ.