ಮಿರಾಬನ ನಕ್ಷೆಯಲ್ಲಿ ಬೆಟ್ಟ ಯಾವ ಕಡೆ

ಮಸೀದಿಯ ಪಶ್ಚಿಮಕ್ಕೆ ಮೂರು ದಿನ ಅಗೆದರೂ ಬಂದದ್ದು ಒಣಮಣ್ಣು. ಅಗೆಸಿದವಳು ನಾನು, ಒಗುಲ್‌ಸೋನಾ, ವಸ್ತುಸಂಗ್ರಹಾಲಯದ ಗುಮಾಸ್ತೆ. ಸಂಜೆ ತರಗತಿಯಲ್ಲಿ ಕಲಿತ ಹಳೆಯ ಲಿಪಿಯ ಬಲದಿಂದ, ನೂರೈವತ್ತು ವರ್ಷಗಳ ಹಿಂದೆ ಊರಿಗೆ ನೀರು ಹಂಚುತ್ತಿದ್ದ ಮಿರಾಬ್ ಬರೆದ ನಕ್ಷೆಯನ್ನು ಓದಿದ್ದೆ. ಅದರಲ್ಲಿ ಮಸೀದಿಯ ಎಡಕ್ಕೆ ಕಾರೇಜ್ ಇತ್ತು: ಬೆಟ್ಟದ ನೀರನ್ನು ನೆಲದೊಳಗಿಂದ ತರುವ ಸುರಂಗ. ಏಳು ಸಲ ಅಳೆದಿದ್ದೆ. ಆದರೂ ತಪ್ಪಿದ್ದೆ.

ನಮ್ಮ ಓಣಿ ರೈಲು ಬಂದ ಮೇಲೆ ಹುಟ್ಟಿದ್ದು, ಅದಕ್ಕೆ ನೀರಿನ ಮೂಲವಿಲ್ಲ ಎಂದು ಸರ್ಕಾರಿ ಕಚೇರಿಯ ವಾದ. ಆ ದಿನ ಸಂಜೆಯೊಳಗೆ ನೀರು ಸಿಗದಿದ್ದರೆ ಓಣಿ ಖಾಲಿ ಮಾಡಿಸುವ ಕಾಗದಕ್ಕೆ ಅಲ್ಲಿಂದ ಬಂದಿದ್ದ ಅಧಿಕಾರಿ ಸಹಿ ಹಾಕುವವರಿದ್ದರು.

"ಇನ್ನೊಂದು ಸ್ವಲ್ಪ ಅಗೆದ್ರೆ ಆ ಕಡೆಯಿಂದ ಅಮೆರಿಕದೋರು ಕೈ ಕುಲುಕ್ತಾರೆ, ತಂಗಿ," ಎಂದು ಗುದ್ದಲಿ ಹಿಡಿದವರು ನಕ್ಕರು.

ಓಣಿಯ ಹಿರಿಯ ಕಾಕಬಾಯ್ ಅಗಾ ಮಾತ್ರ ನಗಲಿಲ್ಲ. ಹರೆಯದಲ್ಲಿ ಹತ್ತಿ ಹೊಲಗಳಿಗೆ ನೀರು ಬಿಡುತ್ತಿದ್ದ ಮುದುಕ. ಕುಕ್ಕರುಗಾಲಲ್ಲಿ ಕೂತು, ತಾನು ಕಾಲುವೆ ಹಂಚುತ್ತಿದ್ದ ಬಗೆಯನ್ನು ಕೋಲಿನಿಂದ ಧೂಳಿನಲ್ಲಿ ಬರೆದು ತೋರಿಸಿದ.

"ಅಗಾ, ದಕ್ಷಿಣಾನ ಮೇಲೆ ಬರೆದ್ರಲ್ಲ?"

"ಮತ್ತೆ? ಬೆಟ್ಟ ಇರೋದೇ ಆ ಕಡೆ. ನೀರು ಬರೋ ದಿಕ್ಕಿಗೆ ಬೆನ್ನು ಹಾಕಿ ಬರೆಯೋಕೆ ನಾನೇನು ಗುಮಾಸ್ತನಾ?"

ಮಿರಾಬನೂ ಹೀಗೇ ಬರೆದಿರಬೇಕು; ನಾನು ಉತ್ತರ ಮೇಲಿದೆಯೆಂದು ಓದಿದ್ದೆ. ನಕ್ಷೆಯನ್ನು ತಲೆಕೆಳಗು ಮಾಡಿದೆ. ಎಡಕ್ಕಿದ್ದ ಕಾರೇಜ್ ಬಲಕ್ಕೆ ಬಂತು. ಮಸೀದಿಯ ಪೂರ್ವಕ್ಕೆ, ತುವಾಕ್‌ಬೀಬಿ ಚಿಕ್ಕಮ್ಮನ ಅಂಗಳಕ್ಕೆ, ಸರಿಯಾಗಿ ಅವಳ ತಂದೂರಿನ ಕೆಳಕ್ಕೆ.

ತಂದೂರ್ ಒಡೆಯುವುದು ನಮ್ಮಲ್ಲಿ ಮಹಾಪಾಪ. ಚಿಕ್ಕಮ್ಮ ಎರಡೂ ಕೈ ಚಾಚಿ ಅಡ್ಡ ನಿಂತಳು. "ನನ್ನತ್ತೆ ಕಟ್ಟಿದ್ದು ಕಣೇ ಇದು! ಮೂರು ದಿನ ಊರೆಲ್ಲಾ ತೂತು ಮಾಡಿದ್ದು ಸಾಲ್ದಾ?"

"ತಂದೂರ್ ಮುಟ್ಟಲ್ಲ, ಚಿಕ್ಕಮ್ಮ. ಪಕ್ಕದಿಂದ ಓರೆಯಾಗಿ ಅಗೀತೀವಿ. ಈ ಸಲಾನೂ ತಪ್ಪಿದ್ರೆ ಎಲ್ಲಾ ಗುಂಡಿ ನಾನೇ ಮುಚ್ತೀನಿ."

ಅವಳು ಚಾಚಿದ ಕೈ ಇಳಿಸಿದಳು. "ನಿನ್ನ ಕೈಲಿ ಒಂದು ಗುಂಡೀನೂ ಮುಚ್ಚೋಕಾಗಲ್ಲ. ಅಗೀರಿ ಹೋಗ್ಲಿ."

ಎರಡಾಳು ಆಳದಲ್ಲಿ ಗುದ್ದಲಿ ಠಣ್ ಎಂದಿತು. ಸುರಂಗ ಕುಸಿಯದಂತೆ ಒಳಗೆ ಕೂರಿಸಿದ ಸುಟ್ಟ ಮಣ್ಣಿನ ಬಳೆ. ಅದರ ಬಾಯಿ ಬಿಡಿಸಿದ ಕೂಡಲೇ ತಣ್ಣನೆ ಗಾಳಿ ಬಂತು, ಆಮೇಲೆ ಸದ್ದು, ಆಮೇಲೆ ನೀರು! ಕೆಳಗಿದ್ದವರು ಮೊಣಕಾಲವರೆಗೆ ನೆನೆದು ಕೂಗಾಡಿದರು. ಅಧಿಕಾರಿ ಬಗ್ಗಿ ನೋಡಿ, ಸಹಿ ಹಾಕದೆಯೇ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು.

"ಮೊದಲ ಕೊಡ ಯಾರಿಗೆ?" ಎಂದು ಯಾರೋ ಕೇಳಿದರು.

"ಆ ಮಿರಾಬನ್ನೇ ಕೇಳು, ಮಗಳೇ," ಎಂದ ಅಗಾ.

ನಕ್ಷೆಯ ಅಂಚಿನಲ್ಲಿ, ರೈಲು ಬರುವ ಮೊದಲೇ, ನಮ್ಮ ಓಣಿಯ ಮನೆಮನೆಯ ನೀರಿನ ಸರದಿ ಬರೆದಿತ್ತು. ಓದಿದೆ: "ನೇಕಾರ ಒರಾಜನ ಮನೆ."

"ಇದ್ದೀವಿ!" ಗುಂಡಿಯೊಳಗಿಂದ ಅವನ ವಂಶದ ಇಬ್ಬರು ಕೂಗಿದರು.

"ಕಮ್ಮಾರ ಹೋಮ್ಮಟನ ಮನೆ."

"ಇಲ್ಲೇ ಇದ್ದೀವಿ!"

ಮೂವತ್ತೊಂದು ಮನೆಗಳನ್ನೂ ಗಟ್ಟಿಯಾಗಿ ಕರೆದೆ.