ಉಸ್ತಾ ಯಾರು

ದುಮ್ಯಾತ್ ಊರಿನಲ್ಲಿ ಉಳಿ ಹಿಡಿದು ಹೊಟ್ಟೆ ಹೊರೆಯುವವರು ಮನೆಗೊಬ್ಬರು. ಅವರಲ್ಲಿ ಕಸುಬು ಪೂರಾ ಕೈವಶವಾದವನನ್ನು ಮಾತ್ರ ಉಸ್ತಾ ಎನ್ನುತ್ತಾರೆ. ಕೈವಶವಾದವಳನ್ನು ಏನೆಂದು ಕರೆಯಬೇಕೆಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ, ಏಕೆಂದರೆ ಅಂಥವಳು ಇಲ್ಲವೆಂದು ಊರೆಲ್ಲ ಸೇರಿ ತೀರ್ಮಾನಿಸಿಬಿಟ್ಟಿತ್ತು. ನಬೀಹಾ ಒಂಬತ್ತು ವರ್ಷದಿಂದ ಆ ತೀರ್ಮಾನದ ಹಿಂದೆಯೇ ಕುಳಿತು ಮಂಚ, ಬೀರು, ಕನ್ನಡಿಮೇಜು ಮಾಡುತ್ತಿದ್ದಳು.

ಅಂಗಡಿಯ ಹಲಗೆಯ ಮೇಲೆ ‘ಬದ್ರಾನ್ ಮತ್ತು ಗಂಡುಮಕ್ಕಳು’ ಎಂದಿತ್ತು. ಗಂಡುಮಕ್ಕಳಲ್ಲಿ ಒಬ್ಬ ಔಷಧಿ ಮಾರುತ್ತಿದ್ದ, ಇನ್ನೊಬ್ಬ ಬಂದರಿನಲ್ಲಿ ಗುಮಾಸ್ತ. ಇಬ್ಬರೂ ಗರಗಸದ ಯಾವ ಕಡೆ ಹಲ್ಲಿದೆಯೆಂದು ನೋಡಿಯೇ ಹೇಳಬೇಕು. ಅಪ್ಪ ಹಾಜಿ ಬದ್ರಾನ್‌ಗೆ ಕೈ ನಡುಗಲು ಶುರುವಾದ ವರ್ಷ ನಬೀಹಾ ಪರದೆಯ ಹಿಂದೆ ಉಳಿ ಎತ್ತಿಕೊಂಡಳು. ಅಪ್ಪ ಮುಂದೆ ಕುಳಿತು ಚಹಾ ಕುಡಿಯುತ್ತಾ ವ್ಯಾಪಾರಿಗಳ ಹೊಗಳಿಕೆ ಸ್ವೀಕರಿಸುತ್ತಿದ್ದರು. ದುಡಿದವರು ಯಾರೋ, ಹೆಸರು ಯಾರದೋ.

ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸುವ ಯೋಚನೆ ಮೊದಲು ಮಾಡಿದವನು ನಬೀಹಾಳ ಗಂಡ ವಗ್ದಿ. ಮನ್ಸೂರಾ ಪಟ್ಟಣದವನು, ಲೆಕ್ಕಿಗ, ವಯಸ್ಸು ನಲವತ್ತನಾಲ್ಕು. ನಲವತ್ತೈದು ತುಂಬಿದರೆ ವೀಸಾದ ಬಾಗಿಲು ಮುಚ್ಚುತ್ತದೆಂದು ಅವನಿಗೆ ಅವಸರ. ಅವರ ಮುಂದಿದ್ದ ದಾರಿ ಎರಡು. ವಗ್ದಿಯ ಹೆಸರಿನಲ್ಲಿ ಹೋದರೆ ಐದು ವರ್ಷದ ತಾತ್ಕಾಲಿಕ ವೀಸಾ. ದೊಡ್ಡ ಪಟ್ಟಣದಿಂದ ದೂರ ಎಲ್ಲೋ ಸಣ್ಣ ಊರಲ್ಲಿ ಇದ್ದು ದುಡಿದು ತೋರಿಸಿದ ಮೇಲೆ ಕಾಯಂ. ನಬೀಹಾಳ ಹೆಸರಿನಲ್ಲಿ ಹೋದರೆ ಇಳಿದ ದಿನದಿಂದಲೇ ಕಾಯಂ, ಏಕೆಂದರೆ ಅಲ್ಲಿಯ ಒಂದು ರಾಜ್ಯಕ್ಕೆ ಪೀಠೋಪಕರಣ ಮಾಡುವವರು ಬೇಕಾಗಿದ್ದರು. ಅದಕ್ಕೆ ಅವಳು ನುರಿತ ಬಡಗಿಯೆಂದು ಆ ದೇಶದ ಕಸುಬು ಪರೀಕ್ಷಕರು ಒಪ್ಪಬೇಕಿತ್ತು.

ಅವರು ವಿಡಿಯೋದಲ್ಲಿ ಪರೀಕ್ಷೆ ಮಾಡಿದರು. ದ್ರಾಕ್ಷಿಬಳ್ಳಿ ಕೆತ್ತಿದ ಮದುಮಗಳ ಮಂಚದ ಚಿತ್ರ ತೋರಿಸಿ, ಇದನ್ನು ಮಾಡಿದ್ದು ಯಾರೆಂದು ದುಭಾಷಿಯ ಮೂಲಕ ಕೇಳಿದರು.

“ನಮ್ಮ ಉಸ್ತಾ ಮಾಡಿದ್ದು,” ಎಂದಳು ನಬೀಹಾ. “ನಾನು ಕೈಗೆ ಸಾಮಾನು ಕೊಡ್ತಿದ್ದೆ.”

ದುಮ್ಯಾತಿನ ಯಾವ ಬಡಗಿ ಈ ಮಾತು ಕೇಳಿದ್ದರೂ ಮಂಚ ಇವಳದೇ ಎಂದು ಥಟ್ಟನೆ ತಿಳಿಯುತ್ತಿದ್ದ. ಗುರು ಬದುಕಿರುವಾಗ ‘ನಾನು ಮಾಡಿದೆ’ ಎನ್ನುವುದು ಅವನ ಸಾವು ಬಯಸಿದ ಹಾಗೆ. ಹುಟ್ಟಿದಂದಿನಿಂದ ಕೇಳಿದ ಪಾಠ ಅದು, ಬಾಯಿ ತಾನಾಗಿ ಹೇಳಿಬಿಟ್ಟಿತು. ಪರೀಕ್ಷಕ ಪಾಪ, ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡ. ಮೂರು ವಾರಕ್ಕೆ ಕಾಗದ ಬಂತು. ಅರ್ಜಿದಾರಳು ಸಹಾಯಕಿ, ನುರಿತವಳೆನ್ನಲು ಸಾಲದು. ಬೇಕಿದ್ದರೆ ಅಂಗಡಿಯ ಯಜಮಾನರ ಪತ್ರದೊಂದಿಗೆ ಇನ್ನೊಮ್ಮೆ ಪರೀಕ್ಷೆ ಕೇಳಬಹುದು. ಅದೇ ವಾರ ವಗ್ದಿಯ ಐದು ವರ್ಷದ ವೀಸಾಕ್ಕೆ ಕರೆಯೂ ಬಂತು. ಅರವತ್ತು ದಿನದೊಳಗೆ ಒಪ್ಪದಿದ್ದರೆ ಅದು ಹೋದಂತೆಯೇ.

ವಗ್ದಿ ಅರ್ಜಿ ತಂದು ಊಟದ ಮೇಜಿನ ಮೇಲಿಟ್ಟ. ‘ಜೊತೆಗಾರ್ತಿ’ ಎಂಬಲ್ಲಿ ಅವಳ ರುಜು ಬೇಕಿತ್ತು.

“ವಿಮಾನ ಒಂದೇ, ಸೀಟು ಪಕ್ಕಪಕ್ಕದಲ್ಲೇ,” ಎಂದ. “ಯಾರ ಹೆಸರು ಮೇಲಿದ್ರೇನು?”

“ಏನೂ ಇಲ್ಲ ಅಂದ್ರೆ ನನ್ನದೇ ಮೇಲಿರಲಿ.”

ಅವನಿಗೆ ರೇಗಿತು. ದುಮ್ಯಾತಿನವರು ಎಂಥ ಜಿಪುಣರೆಂದರೆ, ಮನೆಗೆ ಬಂದ ನೆಂಟರನ್ನು ‘ಊಟ ಮಾಡ್ತೀರಾ, ಇಲ್ಲಾ ಹಗುರಾಗಿ ಮಲಗ್ತೀರಾ’ ಎಂದು ಕೇಳುತ್ತಾರೆಂದು ದೇಶವೆಲ್ಲ ಆಡಿಕೊಳ್ಳುತ್ತದೆ. ವಗ್ದಿ ಮದುವೆಯಾದ ದಿನದಿಂದ ಅದನ್ನು ಅನ್ನುತ್ತಲೇ ಬಂದಿದ್ದ, ಈಗಲೂ ಅಂದ. ಕೈಗೆ ಬಂದ ತುತ್ತನ್ನು ಎತ್ತಿಕೊಳ್ಳಲೂ ಚೌಕಾಸಿ ಮಾಡುವ ಜನ ನೀವು ಎಂದ.

“ಹಗುರಾಗಿ ಮಲಗಿ ಅಂತಿರೋದು ನಿನ್ನ ವೀಸಾ,” ಎಂದಳು ನಬೀಹಾ. “ಐದು ವರ್ಷ ಮಲಗಿರಿ, ಆಮೇಲೆ ನೋಡೋಣ ಅಂತ. ನಾನು ಊಟ ಮಾಡೋಳು. ರುಜು ಹಾಕಲ್ಲ.”

ಅವಳ ಪರೀಕ್ಷೆ ಮತ್ತೆ ಬಿದ್ದುಹೋದರೆ ಎರಡೂ ದಾರಿ ಮುಚ್ಚುತ್ತವೆ ಎಂದು ವಗ್ದಿ ಬೆರಳು ಮಡಿಸಿ ಹೇಳಿದ. ಗೊತ್ತು ಎಂದಳು. ಅವಳಿಗೆ ಭಯವಿರಲಿಲ್ಲವೆಂದಲ್ಲ. ಆದರೆ ಇಲ್ಲಿ ಪರದೆಯ ಹಿಂದಿದ್ದವಳು ಸಮುದ್ರ ದಾಟಿ ಹೋಗಿ ಇನ್ನೊಂದು ಪರದೆಯ ಹಿಂದೆ ಕೂರುವುದು ಅವಳಿಂದಾಗುತ್ತಿರಲಿಲ್ಲ.

ಬೆಳಿಗ್ಗೆ ಅಪ್ಪನ ಮುಂದೆ ನಿಂತು ಪತ್ರ ಕೇಳಿದಳು. ಹಾಜಿ ತಲೆಯಾಡಿಸಿದರು. ಬರೆಯೋಣ, ಅದಕ್ಕೇನಂತೆ, ಅಪ್ಪನಿಗೆ ನೆರವಾಗುತ್ತಿದ್ದಳೆಂದು ಬರೆಯೋಣ ಎಂದರು. ಹಾಗಲ್ಲ, ಇದ್ದದ್ದು ಇದ್ದ ಹಾಗೆ ಬರಿ ಎಂದಳು. ಅಲ್ಲಿಗೆ ಮುದುಕರ ಮುಖ ಬಿಗಿಯಿತು. ಪೇಟೆ ಏನೆನ್ನುತ್ತದೆ, ಬದ್ರಾನನ ಕೈ ಎಂದು ನಂಬಿ ಕೊಂಡವರು ಏನೆನ್ನುತ್ತಾರೆ, ಗಂಡುಮಕ್ಕಳಿಗೆ ಯಾವ ಮರ್ಯಾದೆ ಉಳಿಯುತ್ತದೆ ಎಂದೆಲ್ಲ ಹೇಳಿದರು. ಹೇಳದೆ ಬಿಟ್ಟದ್ದೊಂದಿತ್ತು: ಪತ್ರ ಬರೆದರೆ ಮಗಳು ಹೋಗುತ್ತಾಳೆ, ಮಗಳು ಹೋದರೆ ಅಂಗಡಿ ಮುಚ್ಚುತ್ತದೆ. ಅದು ನಬೀಹಾಗೆ ಕಾಣುತ್ತಿತ್ತು, ಕರುಳು ಚುರ್ ಅನ್ನುತ್ತಲೂ ಇತ್ತು. ಒಂಬತ್ತು ವರ್ಷ ಅವಳನ್ನು ಪರದೆಯ ಹಿಂದೆ ಕೂರಿಸಿದ್ದೂ ಇದೇ ಕನಿಕರವೇ.

ಅವಳು ಉಳಿಯನ್ನು ಒರೆಸಿ ಅಪ್ಪನ ಮುಂದೆ ಇಟ್ಟಳು.

“ಸರಿ ಅಪ್ಪಾ. ಉಸ್ತಾನೇ ಮಾಡ್ಲಿ. ನಾನು ಕೈಗೆ ಸಾಮಾನು ಕೊಡ್ತೀನಿ.”

ಮರುದಿನ ಎಂಟಕ್ಕೆ ಬಂದಳು, ಕೆಲಸದ ಬಟ್ಟೆ ಕಟ್ಟಿಕೊಂಡಳು, ಪರದೆ ಸರಿಸಿ ಕಟ್ಟಿದಳು, ಉಳಿ ಎತ್ತಿ ಅಪ್ಪನ ಕೈಗೆ ಕೊಟ್ಟಳು. ಹಾಜಿ ಅದನ್ನು ತಿರುಗಿಸಿ ನೋಡಿ ಕೆಳಗಿಟ್ಟು, ಚಹಾ ಕುಡಿಯಲು ಎದ್ದುಹೋದರು. ಅದರ ಮರುದಿನವೂ ಅಷ್ಟೇ. ಬೀದಿಯಲ್ಲಿ ಎಲ್ಲ ಅಂಗಡಿಗಳಿಂದ ಕೊಡತಿಯ ಸದ್ದು ಬರುತ್ತಿದ್ದರೆ ಬದ್ರಾನರ ಅಂಗಡಿ ತೆರೆದೂ ಸುಮ್ಮನಿತ್ತು. ಅಣ್ಣಂದಿರಿಬ್ಬರೂ ಬಂದು ಬುದ್ಧಿ ಹೇಳಿದರು. ಬಂದಿದ್ದೀರಲ್ಲ, ಹಲಗೆಯ ಮೇಲೆ ನಿಮ್ಮ ಹೆಸರೂ ಇದೆ, ಎರಡು ಎಲೆ ಕೆತ್ತಿ ಹೋಗಿ ಎಂದಳು. ಇಬ್ಬರಿಗೂ ತಟ್ಟನೆ ಬೇರೆ ಕೆಲಸ ನೆನಪಾಯಿತು.

ಐದನೆಯ ದಿನ ವ್ಯಾಪಾರಿ ಶಲಬಿ ಬಂದ. ಇಪ್ಪತ್ತು ವರ್ಷದಿಂದ ಬರುತ್ತಿದ್ದ ಗಿರಾಕಿ. ಮದುವೆಯ ಮಂಚದ ತಲೆಹಲಗೆ ಅರ್ಧ ಕೆತ್ತಿ ನಿಂತಿತ್ತು. ಅವನು ಕುರ್ಚಿ ಎಳೆದುಕೊಂಡು, ಹಾಜಿ, ನಿಮ್ಮ ಕೈ ಓಡುವುದನ್ನು ನೋಡಿ ಎಷ್ಟು ಕಾಲವಾಯಿತು, ಒಂದೆಲೆ ಕೆತ್ತಿ ತೋರಿಸಿ, ಕಣ್ಣು ತಂಪಾಗಲಿ ಎಂದ. ಹಾಜಿ ಮಗಳ ಕಡೆ ನೋಡಿದರು. ನಬೀಹಾ ಕೊಡತಿ ಎತ್ತಿ ಕೊಟ್ಟಳು.

ಮುದುಕರು ಉಳಿಯಿಟ್ಟು ಹೊಡೆದರು. ಮೊದಲ ಏಟಿಗೆ ಉಳಿ ಜಾರಿತು; ಎರಡನೆಯದಕ್ಕೆ ಅವಳು ಮೂರು ದಿನ ಕೆತ್ತಿದ್ದ ಬಳ್ಳಿಯ ಕುಡಿ ತುಂಡಾಗಿ ನೆಲಕ್ಕೆ ಬಿತ್ತು. ನಬೀಹಾಳ ಕೈ ತಾನಾಗಿ ಮುಂದೆ ಬಂತು. ಅದನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಅಷ್ಟು ಕಷ್ಟದ ಕೆಲಸ ಅವಳು ಆ ಅಂಗಡಿಯಲ್ಲಿ ಎಂದೂ ಮಾಡಿರಲಿಲ್ಲ.

ಶಲಬಿ ನಡುಗುವ ಕೈ ನೋಡಿದ, ಆಮೇಲೆ ಅವಳ ಕೈಯ ಹಳೆಯ ಗಾಯಗಳನ್ನೂ ಅಂಟು ಹತ್ತಿದ ಉಗುರುಗಳನ್ನೂ ನೋಡಿದ. ಪೇಟೆಯವನು, ತಿಳಿಯಲು ತಡವಾಗಲಿಲ್ಲ.

“ಅಂದ್ರೆ ಇಷ್ಟು ವರ್ಷ ಹಾಜಿ ಕೈ ಅಂತ ಹೆಂಗಸಿನ ಕೆಲಸ ತಗೊಂಡೆನಾ ನಾನು?” ಎಂದು ನಕ್ಕ. “ಈ ಮಂಚ ಬೇಡಪ್ಪ ನಂಗೆ.”

ನಬೀಹಾ ಬಾಯಿ ತೆರೆದಳು. ಅಷ್ಟರಲ್ಲಿ ಹಾಜಿ ಕೊಡತಿಯನ್ನು ಮೇಜಿನ ಮೇಲೆ ಕುಕ್ಕಿ ಎದ್ದು ನಿಂತಿದ್ದರು.

“ಬೇಡದಿದ್ರೆ ಬಿಡು. ಇದು ಈ ಅಂಗಡಿಯ ಕೊನೇ ಮಂಚ. ಉಸ್ತಾ ಊರು ಬಿಡ್ತಿದ್ದಾಳೆ. ಇನ್ನೊಂದು ಬೇಕು ಅಂತ ನಾಳೆ ನೀನು ಹುಡುಕ್ಕೊಂಡು ಬಂದಾಗ ನಾನು ಇಲ್ಲೇ ಇರ್ತೀನಿ, ಬದ್ರಾನನ ಕೈ ಇರಲ್ಲ.”

ಶಲಬಿ ನಗುವುದನ್ನು ನಿಲ್ಲಿಸಿದ. ಸ್ವಲ್ಪ ಹೊತ್ತು ಕುರ್ಚಿಯಲ್ಲೇ ಅತ್ತಿತ್ತ ಸರಿದು, ಮುರಿದ ಕುಡಿಯನ್ನು ಸರಿಮಾಡಲು ಎಷ್ಟು ದಿನ ಬೇಕಾದೀತೆಂದು ಕೇಳಿದ. ಈ ಸಲ ನಬೀಹಾಳ ಮುಖ ನೋಡಿ ಕೇಳಿದ. ಅಪ್ಪ ನನ್ನ ಪತ್ರ ಬರೆದು ಮುಗಿಸಲಿ, ಆಮೇಲೆ ಹೇಳುತ್ತೇನೆ ಎಂದಳು.

ಹಾಜಿ ಕಾಗದ ತರಿಸಿಕೊಂಡರು. ವಗ್ದಿ ಬಂದು ತಾನು ಬರೆದುಕೊಡುತ್ತೇನೆಂದ, ಬೇಡವೆಂದರು. ಮಧ್ಯಾಹ್ನದ ನಮಾಜಿನಿಂದ ಸಂಜೆಯ ನಮಾಜಿನವರೆಗೆ, ಎರಡು ಹಾಳೆ ಹರಿದುಹಾಕಿ, ಒಂದೊಂದೇ ಅಕ್ಷರ ಕೂಡಿಸಿ ತಾವೇ ಬರೆದರು. ನಬೀಹಾ ಪಕ್ಕದಲ್ಲಿ ನಿಂತು ಓದಿದಳು. ಒಂಬತ್ತು ವರ್ಷದಿಂದ ಈ ಅಂಗಡಿಯ ಉಸ್ತಾ ನನ್ನ ಮಗಳು ನಬೀಹಾ ಎಂದಿತ್ತು. ಅದರ ಕೆಳಗೆ ಇನ್ನೂ ಒಂದು ಸಾಲು, ಬೇರೆಲ್ಲದಕ್ಕಿಂತ ಹೆಚ್ಚು ಅಂಕುಡೊಂಕಾಗಿ: ‘ಆಕೆ ಮೊದಲು ನಿಮ್ಮ ಮುಂದೆ ಹೇಳಿದ್ದು ನನ್ನ ಮರ್ಯಾದೆ ಕಾಯಲು. ಇನ್ನು ಕಾಯಬೇಕಾಗಿಲ್ಲ.’